ಮರುಭೂಮಿಯಲ್ಲಿ ನಾಲ್ಕೈದು ದಿನ: ನೀರಿನ ಲೆಕ್ಕದಿಂದ ಚೀಲ ಕಟ್ಟುವವರೆಗೆ

ಮರುಭೂಮಿಗೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ಅವನ್ನೆಲ್ಲ ನಕ್ಷೆಯ ಮೇಲೆ ಗೆರೆ ಎಳೆದು ಸೇರಿಸುತ್ತಾರೆ, ಕೊನೆಗೆ ‘ನೀರು ಎಷ್ಟು ಒಯ್ಯೋಣ?’ ಎಂದು ಕೇಳುತ್ತಾರೆ. ಈ ಕ್ರಮವೇ ತಲೆಕೆಳಗು. ಒಬ್ಬರಿಗೆ ದಿನಕ್ಕೆ ಎಷ್ಟು ನೀರು ಬೇಕು, ಅದರ ತೂಕ ಎಷ್ಟು, ಅಷ್ಟನ್ನು ಹೊರುವವರು ಯಾರು ಎಂಬುದು ಗೊತ್ತಾದರೆ ಹಾದಿಯ ಉದ್ದ ತಾನಾಗಿ ತೀರ್ಮಾನವಾಗುತ್ತದೆ. ಮೂರರಿಂದ ಆರು ದಿನಗಳ ಪ್ರವಾಸವನ್ನು ಇಟ್ಟುಕೊಂಡು, ಆ ಕ್ರಮದಲ್ಲೇ ಇಲ್ಲಿ ಹೇಳಿದ್ದೇವೆ. ವಾಹನದಲ್ಲಿ ಹೋಗುವವರಿಗೆ ಹೆಚ್ಚು ವಿವರ ಇದೆ. ಒಂಟೆಯ ಜೊತೆ ಅಥವಾ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಲೆಕ್ಕ ಎಲ್ಲಿ ಬದಲಾಗುತ್ತದೋ ಅಲ್ಲಲ್ಲೇ ಹೇಳಿದೆ.

ಮೊದಲು ತಿಂಗಳು

ಸಹಾರಾ, ಅರೇಬಿಯಾ, ಥಾರ್ ಮರುಭೂಮಿಗಳಿಗೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಸರಿಯಾದ ಕಾಲ. ನಮೀಬ್, ಕಲಹಾರಿ, ಆಸ್ಟ್ರೇಲಿಯಾದ ಒಳನಾಡು ದಕ್ಷಿಣ ಗೋಳಾರ್ಧದಲ್ಲಿರುವುದರಿಂದ ಅಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಹೋಗಬೇಕು. ಗೋಬಿಯ ದಾರಿಯೇ ಬೇರೆ. ಅದು ಶೀತ ಮರುಭೂಮಿ, ಚಳಿಗಾಲದಲ್ಲಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೂ ಇಳಿಯುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸಬೇಕು.

ಹವಾಮಾನ ನೋಡುವಾಗ ಹಗಲಿನ ಸರಾಸರಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಒಣ ಗಾಳಿಯಲ್ಲಿ ನೀರಾವಿ ಕಡಿಮೆ, ಮೋಡ ಇಲ್ಲ. ನೆಲ ಹಗಲೆಲ್ಲ ಹೀರಿದ ಶಾಖ ಕತ್ತಲಾಗುತ್ತಿದ್ದಂತೆ ಆಕಾಶಕ್ಕೆ ಹೋಗಿಬಿಡುತ್ತದೆ. ಹಗಲು 27 ಡಿಗ್ರಿ ಇದ್ದ ಜಾಗದಲ್ಲಿ ಬೆಳಗಿನ ಜಾವ 3 ಡಿಗ್ರಿ ಇರುವುದು ಮಾಮೂಲು. ರಾತ್ರಿಯ ಕನಿಷ್ಠ ತಾಪಮಾನ, ಗಾಳಿಯ ವೇಗ, ಸೂರ್ಯ ಮುಳುಗುವ ಹೊತ್ತು, ಈ ಮೂರನ್ನೂ ದಿನವಾರು ಬರೆದಿಟ್ಟುಕೊಳ್ಳಿ. ಸುತ್ತಲಿನ 50-60 ಕಿಲೋಮೀಟರ್‌ನಲ್ಲಿ ಮಳೆಯ ಸೂಚನೆ ಇದೆಯೇ ಎಂಬುದನ್ನೂ ನೋಡಿ. ಯಾಕೆಂಬುದು ಡೇರೆಯ ಭಾಗದಲ್ಲಿದೆ.

ನೀರಿನ ಲೆಕ್ಕ

ತಂಪು ಕಾಲದಲ್ಲಿ, ಹೆಚ್ಚು ಹೊತ್ತು ವಾಹನದಲ್ಲಿ ಕೂತೇ ಇರುವವರಿಗೆ ಕುಡಿಯಲು ದಿನಕ್ಕೆ 5 ಲೀಟರ್ ಇಟ್ಟುಕೊಳ್ಳಿ. ದಿನವೂ ನಾಲ್ಕೈದು ಗಂಟೆ ನಡೆಯುವವರಿಗೆ 6ರಿಂದ 8 ಲೀಟರ್. ಅಡುಗೆಗೆ ಒಂದೂವರೆ ಲೀಟರ್. ಕೈ, ಬಾಯಿ, ಪಾತ್ರೆಗೆ ಒಂದು ಲೀಟರ್. ಸ್ನಾನ ಈ ಲೆಕ್ಕದಲ್ಲಿ ಇಲ್ಲ, ಇರಲೂಬಾರದು.

ಒಂದು ಉದಾಹರಣೆ ಮಾಡಿ ನೋಡೋಣ. ನಾಲ್ಕು ಜನ, ಐದು ದಿನ, ಎರಡು ವಾಹನ. ತಲಾ ಏಳೂವರೆ ಲೀಟರ್‌ನಂತೆ 150 ಲೀಟರ್ ಆಯಿತು. ಇದರ ಮೇಲೆ ಎರಡು ದಿನದ ಆಪತ್ಕಾಲದ ನೀರು, ಅಂದರೆ ಕುಡಿಯಲು ಮಾತ್ರ ತಲಾ 5 ಲೀಟರ್‌ನಂತೆ 40 ಲೀಟರ್. ಒಟ್ಟು 190 ಲೀಟರ್. 20 ಲೀಟರ್‌ನ ಹತ್ತು ಕ್ಯಾನುಗಳಲ್ಲಿ ತುಂಬಿ, ಒಂದೊಂದು ವಾಹನಕ್ಕೆ ಐದೈದು ಇಡಬೇಕು. ಹೀಗೆ ಹಂಚುವುದಕ್ಕೆ ಕಾರಣ ಇದೆ. ಒಂದು ವಾಹನ ಪೂರ್ತಿ ಕೈಕೊಟ್ಟರೂ ಇನ್ನೊಂದರಲ್ಲಿರುವ ಸುಮಾರು 100 ಲೀಟರ್ ನಾಲ್ಕು ಜನಕ್ಕೆ ಐದು ದಿನ ಕುಡಿಯಲು ಸಾಲುತ್ತದೆ. ಆಪತ್ಕಾಲದ ಎರಡು ಕ್ಯಾನುಗಳ ಮುಚ್ಚಳಕ್ಕೆ ಕೆಂಪು ಟೇಪ್ ಸುತ್ತಿ, ವಾಹನಕ್ಕೊಂದರಂತೆ ಇಡಿ. ಆಪತ್ತು ಬಾರದ ಹೊರತು, ಕೊನೆಯ ದಿನ ಊರು ಕಣ್ಣಿಗೆ ಬೀಳುವವರೆಗೆ ಅವನ್ನು ಮುಟ್ಟಬಾರದು.

ದೊಡ್ಡ ಡ್ರಮ್ಮು ಒಂದೇ ಇರಲಿ ಎಂಬ ಆಸೆ ಬೇಡ. ಸೀಳಿದರೆ ಎಲ್ಲವೂ ಮರಳಿಗೆ ಹೋಗುತ್ತದೆ, ಎತ್ತಿ ಇಳಿಸಲೂ ಆಗುವುದಿಲ್ಲ. ಹೊಸ ಕ್ಯಾನುಗಳನ್ನು ಹೊರಡುವ ಎರಡು ದಿನ ಮೊದಲೇ ತುಂಬಿ, ಮುಚ್ಚಳ ಬಿಗಿದು, ಮಗ್ಗುಲಿಗೆ ಮಲಗಿಸಿ, ಕೆಳಗೆ ಒಣ ಕಾಗದ ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ತಪ್ಪು ಹೆಚ್ಚಾಗಿ ಮುಚ್ಚಳದ ರಬ್ಬರ್ ವಾಷರ್‌ನಲ್ಲಿರುತ್ತದೆ. ವಾಷರ್ ಬದಲಿಸಿ ಮತ್ತೆ ಮಲಗಿಸಿ ನೋಡಿ. ನೀರಿನ ಕ್ಯಾನು ಮತ್ತು ಇಂಧನದ ಕ್ಯಾನು ಬೇರೆ ಬೇರೆ ಬಣ್ಣದ್ದಾಗಿರಬೇಕು. ಕತ್ತಲಲ್ಲಿ ಕೈ ತಪ್ಪಿದರೆ ಸರಿಪಡಿಸಲು ದಾರಿಯೇ ಇಲ್ಲ.

ಒಂಟೆಯ ಜೊತೆ ಹೋಗುವವರಿಗೆ ತೂಕವೇ ಮಿತಿ. ಹೊರೆ ಒಂಟೆಗೆ ಸುಮಾರು 150 ಕಿಲೋ ಎಂದಿಟ್ಟುಕೊಂಡು, ಎರಡೂ ಪಕ್ಕಕ್ಕೆ ಸಮ ತೂಕ ಬರುವಂತೆ ಕ್ಯಾನು ಕಟ್ಟಬೇಕು. ನೀರು ಖರ್ಚಾದ ಹಾಗೆ ಎರಡೂ ಪಕ್ಕದಿಂದ ಸಮನಾಗಿ ತೆಗೆಯಬೇಕು. ಬೆನ್ನಿಗೇ ಎಲ್ಲವನ್ನೂ ಹೊತ್ತು ನಡೆಯುವವರಿಗೆ ಎರಡು ದಿನದ ನೀರೇ 17ರಿಂದ 21 ಕಿಲೋ ಆಗುತ್ತದೆ. ಅಂಥವರು ಎರಡು ದಿನಕ್ಕೊಮ್ಮೆ ನೀರು ಸಿಗುವ ಹಾದಿ ಆರಿಸಲಿ, ಇಲ್ಲವೇ ವಾಹನದಲ್ಲಿ ಮುಂಚೆಯೇ ನೀರು ಇಡಿಸಿಕೊಳ್ಳಲಿ. ಮೂರನೆಯ ದಾರಿ ಇಲ್ಲ. ಕಳ್ಳಿಯ ರಸ, ನೆಲ ಅಗೆದು ಪ್ಲಾಸ್ಟಿಕ್ ಹೊದಿಸಿ ಹನಿ ಹಿಡಿಯುವ ಉಪಾಯ ಇವೆಲ್ಲ ಓದಲು ಚೆನ್ನ. ಹಲವು ಕಳ್ಳಿಗಳ ರಸ ವಾಂತಿ ತರಿಸುತ್ತದೆ, ಹಳ್ಳ ತೋಡಲು ಸುರಿಸಿದ ಬೆವರಷ್ಟು ನೀರೂ ಆ ಪ್ಲಾಸ್ಟಿಕ್ಕಿನಿಂದ ಹುಟ್ಟುವುದಿಲ್ಲ.

ದಾರಿಯ ಬಾವಿಗಳನ್ನು ಲೆಕ್ಕಕ್ಕೆ ಸೇರಿಸಬೇಡಿ. ಸಿಕ್ಕಿದರೆ ಲಾಭ, ಅಷ್ಟೆ. ಅಂಥ ನೀರನ್ನು ಬಟ್ಟೆಯಲ್ಲಿ ಸೋಸಿ ಒಂದು ನಿಮಿಷ ಚೆನ್ನಾಗಿ ಕುದಿಸಿ, ಅಥವಾ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಮರುಭೂಮಿಯ ಬಾವಿಗಳಲ್ಲಿ ಎಷ್ಟೋ ಉಪ್ಪು ನೀರಿನವು. ಕುದಿಸಿದರೂ ಮಾತ್ರೆ ಹಾಕಿದರೂ ಕೈಫಿಲ್ಟರಿಗೆ ಹಾಕಿದರೂ ಉಪ್ಪು ಹೋಗುವುದಿಲ್ಲ.

ಕುಡಿಯುವ ರೀತಿಗೂ ನಿಯಮ ಇದೆ. 15-20 ನಿಮಿಷಕ್ಕೊಮ್ಮೆ ಒಂದು ಲೋಟ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರನ್ನೇ ಅದಕ್ಕಿಂತ ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ಗೊಂದಲ, ಸೆಳೆತ ಬರಬಹುದು. ಬೆವರಿನಲ್ಲಿ ಹೋದ ಉಪ್ಪು ಊಟದಿಂದ ವಾಪಸಾಗಬೇಕು. ಓಆರ್‌ಎಸ್ ಪೊಟ್ಟಣಗಳು ತಲೆಗೆ ದಿನಕ್ಕೊಂದು ಇರಲಿ. ಮುಗಿದುಹೋದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಸರಿ. ಗಾಢವಾದರೆ ಆಗಲೇ ನೀರು ಸಾಲದಾಗಿದೆ. ಒಣ ಗಾಳಿ ಬೆವರನ್ನು ಹುಟ್ಟಿದ ಕೂಡಲೇ ಆರಿಸಿಬಿಡುವುದರಿಂದ ‘ನಾನು ಬೆವರಲೇ ಇಲ್ಲ’ ಎಂದು ಅನ್ನಿಸುತ್ತದೆ. ಅದನ್ನು ನಂಬಬೇಡಿ, ಅಂಗಿಯ ಮೇಲಿನ ಬಿಳಿ ಉಪ್ಪಿನ ಗೆರೆಗಳನ್ನು ನೋಡಿ.

ಹಾದಿ, ಅನುಮತಿ, ಹೇಳಿ ಹೋಗುವುದು

ಮರಳಿನಲ್ಲಿ ವಾಹನದ ಸರಾಸರಿ ವೇಗ ಗಂಟೆಗೆ 20-25 ಕಿಲೋಮೀಟರ್ ಮಾತ್ರ. ಸಿಕ್ಕಿಬಿದ್ದು ಎಬ್ಬಿಸುವ ಹೊತ್ತನ್ನು ಸೇರಿಸಿದರೆ ಇನ್ನೂ ಕಡಿಮೆ. ಒಂಟೆ ಗಂಟೆಗೆ 4-5 ಕಿಲೋಮೀಟರ್ ನಡೆಯುತ್ತದೆ, ದಿನಕ್ಕೆ 20-25 ಸಾಕು. ಕಾಲ್ನಡಿಗೆಗೆ 15. ಐದು ದಿನದ ಪ್ರವಾಸದಲ್ಲಿ ನಾಲ್ಕು ದಿನದ ಹಾದಿ ಮಾತ್ರ ಹಾಕಿಕೊಳ್ಳಿ, ಒಂದು ದಿನ ಖಾಲಿ ಇರಲಿ. ಬಿರುಗಾಳಿಗೆ ಕೂತರೂ ರಿಪೇರಿಗೆ ಕೂತರೂ ಆ ದಿನ ಖರ್ಚಾಗುತ್ತದೆ.

ಗಡಿ ಪ್ರದೇಶ, ಸೇನೆಯ ಪ್ರದೇಶ, ವನ್ಯಧಾಮ ಇವಕ್ಕೆ ಬೇರೆ ಬೇರೆ ಅನುಮತಿ ಬೇಕಾಗುತ್ತದೆ. ಪಶ್ಚಿಮ ಸಹಾರಾದಂಥ ಕಡೆ ನೆಲಬಾಂಬುಗಳು ಇನ್ನೂ ಉಳಿದಿವೆ; ಗುರುತಿನ ಹಾದಿ ಬಿಟ್ಟು ಇಳಿಯುವ ಮಾತೇ ಇಲ್ಲ. ಮೊರಾಕ್ಕೊ, ಈಜಿಪ್ಟ್‌ಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಒಯ್ಯುವಂತಿಲ್ಲ. ಉಪಗ್ರಹ ಫೋನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಜೀವ ಉಳಿಸುವ ಸಾಧನ ಅದು, ಆದರೆ ಭಾರತವೂ ಸೇರಿ ಕೆಲವು ದೇಶಗಳಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಹೋಗುವ ದೇಶದ ನಿಯಮ ನೋಡಿಯೇ ಚೀಲಕ್ಕೆ ಹಾಕಿ.

ಮನೆಯಲ್ಲಿ ಉಳಿಯುವ ಒಬ್ಬ ಜವಾಬ್ದಾರಿ ವ್ಯಕ್ತಿಗೆ ಒಂದು ಹಾಳೆ ಕೊಟ್ಟು ಹೋಗಿ. ದಿನವಾರು ತಂಗುವ ಜಾಗಗಳ ಅಕ್ಷಾಂಶ-ರೇಖಾಂಶ, ವಾಹನದ ನಂಬರು ಮತ್ತು ಬಣ್ಣ, ಎಲ್ಲರ ಹೆಸರು ಮತ್ತು ರಕ್ತದ ಗುಂಪು, ಒಯ್ದ ನೀರಿನ ಪ್ರಮಾಣ ಅದರಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಗಡುವು: ‘ಇಂಥ ದಿನ ಇಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಈ ನಂಬರಿಗೆ ತಿಳಿಸಿ.’ ಗಡುವು ಇಲ್ಲದ ಹಾಳೆ ಕೆಲಸಕ್ಕೆ ಬರುವುದಿಲ್ಲ. ‘ನಾಳೆ ಬಂದಾರು’ ಎಂದು ಕಾಯುತ್ತಲೇ ಎರಡು ದಿನ ಕಳೆದುಹೋಗುತ್ತದೆ.

ವಾಹನ ಮತ್ತು ಮರಳು

ಮರಳಿನಲ್ಲಿ ಗೆಲ್ಲುವುದು ಎಂಜಿನ್ನಿನ ಶಕ್ತಿಗಿಂತ ಟಯರಿನ ಗಾಳಿ. ರಸ್ತೆಯಲ್ಲಿ 32-35 ಪಿಎಸ್‌ಐ ಇರುವ ಟಯರನ್ನು ಮರಳಿಗೆ ಇಳಿಯುವ ಮೊದಲೇ 18ಕ್ಕೆ ಇಳಿಸಿ. ಆಗ ಟಯರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ತಬ್ಬುತ್ತದೆ, ಭಾರ ಹಂಚಿಹೋಗಿ ಹೂಳುವುದಿಲ್ಲ. ತೀರಾ ಮೆತ್ತನೆಯ ಮರಳಿನಲ್ಲಿ 15. ಇನ್ನೂ ಕೆಳಗೆ 12ರವರೆಗೆ ಹೋಗುವುದು ಸಿಕ್ಕಿಬಿದ್ದಾಗ ಹೊರಬರುವುದಕ್ಕೆ ಮಾತ್ರ; ಆ ಒತ್ತಡದಲ್ಲಿ ಸರ್ರನೆ ತಿರುಗಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಗಟ್ಟಿ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿ. ಇಳಿಸಿದ ಗಾಳಿಯಲ್ಲೇ ವೇಗವಾಗಿ ಓಡಿಸಿದರೆ ಟಯರಿನ ಪಕ್ಕೆ ಕಾದು ಸಿಡಿಯುತ್ತದೆ. ಹೀಗಾಗಿ ಒತ್ತಡ ಮಾಪಕ ಮತ್ತು ಬ್ಯಾಟರಿಗೆ ನೇರ ಜೋಡಿಸುವ ಏರ್ ಕಂಪ್ರೆಸರ್ ಇಲ್ಲದೆ ಹೊರಡಲೇಬಾರದು.

ಪ್ರತಿ ವಾಹನಕ್ಕೆ ಎರಡು ಸ್ಟೆಪ್ನಿ, ಪಂಕ್ಚರ್ ಕಿಟ್, ಉದ್ದ ಹಿಡಿಯ ಸಲಿಕೆ, ಸಿಕ್ಕಿಬಿದ್ದಾಗ ಚಕ್ರದ ಕೆಳಗೆ ಕೊಡುವ ಮರಳಿನ ಹಲಗೆ ಒಂದು ಜೊತೆ, ಎಳೆಯುವ ಹಿಗ್ಗುವ ಹಗ್ಗ, ಏರ್ ಫಿಲ್ಟರ್, ಫ್ಯಾನ್ ಬೆಲ್ಟ್, ಫ್ಯೂಸು, ರೇಡಿಯೇಟರ್ ಹೋಸ್, ಎಂಜಿನ್ ಆಯಿಲ್ ಮತ್ತು ಕೂಲಂಟ್ ಬೇಕು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಜಾಕಿನ ಕೆಳಗಿಡಲು ಒಂದು ಅಡಿ ಉದ್ದ, ಒಂದು ಅಡಿ ಅಗಲದ ದಪ್ಪ ಮರದ ಹಲಗೆ. ಅದಿಲ್ಲದಿದ್ದರೆ ವಾಹನ ಮೇಲೇಳುವ ಬದಲು ಜಾಕೇ ಮರಳಿಗೆ ಇಳಿಯುತ್ತದೆ.

ಇಂಧನದ ಲೆಕ್ಕ ರಸ್ತೆಯ ಮೈಲೇಜಿನಿಂದ ಮಾಡಬೇಡಿ. ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿ ಮರಳಿನಲ್ಲಿ 6 ಕೊಟ್ಟರೆ ಪುಣ್ಯ. 250 ಕಿಲೋಮೀಟರ್ ರಸ್ತೆ, 150 ಕಿಲೋಮೀಟರ್ ಮರಳು ಇದ್ದರೆ 25 ಮತ್ತು 25, ಒಟ್ಟು 50 ಲೀಟರ್. ಅದರ ಮೇಲೆ ಶೇ 30 ಸೇರಿಸಿ 65. ಟ್ಯಾಂಕು 60 ಲೀಟರಿನದಾದರೆ 20 ಲೀಟರಿನ ಲೋಹದ ಕ್ಯಾನು ಒಂದು ಬೇಕು. ಕಾವಿಗೆ ಇಂಧನ ಹಿಗ್ಗುವುದರಿಂದ ಕಂಠದವರೆಗೆ ತುಂಬಬಾರದು.

ಚಕ್ರ ಮರಳಿನಲ್ಲಿ ಸುಮ್ಮನೆ ತಿರುಗಿತೆಂದರೆ ಆಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ಇನ್ನೈದು ಸೆಕೆಂಡು ತುಳಿದರೆ ಗಾಡಿ ಹೊಟ್ಟೆಯೂರಿ ಕೂರುತ್ತದೆ, ಐದು ನಿಮಿಷದ ಕೆಲಸ ಎರಡು ಗಂಟೆಯಾಗುತ್ತದೆ. ಮಾಡಬೇಕಾದದ್ದು ಈ ಕ್ರಮದಲ್ಲಿ:

1. ಎಲ್ಲರೂ ಇಳಿಯಿರಿ. ಬಂದ ಜಾಡಿನಲ್ಲೇ ಹಿಂದಕ್ಕೆ ಮೆಲ್ಲಗೆ ಬರುತ್ತದೆಯೇ ನೋಡಿ. ಆ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ.
2. ಬರದಿದ್ದರೆ ನಾಲ್ಕೂ ಚಕ್ರದ ಗಾಳಿಯನ್ನು 12-14ಕ್ಕೆ ಇಳಿಸಿ.
3. ಹೋಗಬೇಕಾದ ದಿಕ್ಕಿನಲ್ಲಿ ಚಕ್ರದ ಮುಂದಿನ ಮರಳನ್ನು ಇಳಿಜಾರಾಗಿ ತೆಗೆಯಿರಿ. ಗಾಡಿಯ ಹೊಟ್ಟೆಯ ಕೆಳಗಿನದನ್ನೂ ತೆಗೆಯಿರಿ. ಇದನ್ನು ಅರ್ಧಕ್ಕೆ ಬಿಡುವುದರಿಂದಲೇ ಮತ್ತೆ ಮತ್ತೆ ಹೂಳುತ್ತದೆ.
4. ಹಲಗೆಗಳನ್ನು ಚಕ್ರಕ್ಕೆ ತಾಗಿಸಿ ಒಳಗೆ ತುರುಕಿ, ಎರಡನೆಯ ಗೇರಿನಲ್ಲಿ ಒಂದೇ ಸಮನೆ ಹೊರಡಿ. ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸಬೇಡಿ.
5. ಇನ್ನೊಂದು ವಾಹನದಿಂದ ಎಳೆಸುವುದಾದರೆ ಹಗ್ಗವನ್ನು ಚಾಸಿಗೆ ಬಿಗಿದ ಕೊಂಡಿಗೇ ಹಾಕಿ. ಟ್ರೇಲರ್ ಜೋಡಿಸುವ ಲೋಹದ ಉಂಡೆಗೆ ಹಾಕಿದರೆ ಅದು ಕಿತ್ತು ಗುಂಡಿನಂತೆ ಹಾರುತ್ತದೆ, ಹೀಗೆ ಜೀವ ಹೋಗಿರುವುದುಂಟು. ಹಗ್ಗದ ನಡುವೆ ದಪ್ಪ ಕಂಬಳಿ ಹೊದಿಸಿ, ಉಳಿದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ.

ದಿಬ್ಬವನ್ನು ನೇರವಾಗಿ ಹತ್ತಿ ನೇರವಾಗಿ ಇಳಿಯಬೇಕು. ಓರೆಯಾಗಿ ಹೋದರೆ ಗಾಡಿ ಮಗುಚುತ್ತದೆ. ನೆತ್ತಿಯ ಆಚೆ ಏನಿದೆ ಎಂದು ಯಾರಾದರೂ ನಡೆದು ಹೋಗಿ ನೋಡಿದ ಮೇಲೇ ದಾಟಿ.

ಉಡುಪು

ಸಡಿಲವಾದ, ಉದ್ದ ತೋಳಿನ, ತಿಳಿ ಬಣ್ಣದ ಅಂಗಿ ಮೂರು. ಉದ್ದ ಪ್ಯಾಂಟು ಎರಡು. ಮೈ ತೆರೆದಿಟ್ಟರೆ ತಂಪು ಎಂಬುದು ನೆರಳಿರುವ ಕಡೆಯ ಮಾತು. ಇಲ್ಲಿ ಬಟ್ಟೆಯೇ ನೆರಳು, ಬೆವರನ್ನು ಒಂದಿಷ್ಟು ಹೊತ್ತು ಹಿಡಿದಿಟ್ಟು ತಂಪು ಕೊಡುವುದೂ ಅದೇ. ಮೂರು ಮೀಟರ್ ಉದ್ದದ ತೆಳು ಹತ್ತಿ ಬಟ್ಟೆಯೊಂದು ತಲೆಗೆ, ಕುತ್ತಿಗೆಗೆ, ಗಾಳಿ ಬಂದಾಗ ಮೂಗು-ಬಾಯಿಗೆ, ಪೆಟ್ಟಾದರೆ ಕೈ ತೂಗುಹಾಕಲು ಬರುತ್ತದೆ. ರಾತ್ರಿಗೆ ತೆಳುವಾದ ಉಣ್ಣೆಯ ಒಳಅಂಗಿ, ಅದರ ಮೇಲೆ ಸ್ವೆಟರ್, ಗಾಳಿ ತಡೆಯುವ ಜಾಕೆಟ್ಟು, ಕುಲಾವಿ, ಕೈಗವಸು. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕಿ ತೆಗೆಯುವಂತಿದ್ದರೆ ಬೆಳಗಿನಿಂದ ಮಧ್ಯಾಹ್ನದವರೆಗಿನ ಏರಿಳಿತಕ್ಕೆ ಹೊಂದುತ್ತದೆ.

ಶೂ ಅರ್ಧ ಸೈಜು ದೊಡ್ಡದಿರಲಿ, ಬಿಸಿಗೆ ಪಾದ ಊದುತ್ತದೆ. ಹೊರಡುವ ಮೊದಲು ಎರಡು ವಾರವಾದರೂ ಹಾಕಿ ಪಳಗಿಸಿ. ಮರಳು ನುಗ್ಗದಂತೆ ಕಣಕಾಲಿಗೆ ಗೇಟರ್ (ಶೂವಿನ ಬಾಯಿ ಮುಚ್ಚುವ ಬಟ್ಟೆಯ ಕವಚ) ಕಟ್ಟಿ. ಒಳಗೆ ಸೇರಿದ ಮರಳು ಕಾಲುಚೀಲದೊಳಗೆ ಉಜ್ಜಿ ಅರ್ಧ ದಿನದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಕನ್ನಡಕವನ್ನೇ ಒಯ್ಯಲಿ. ಯುವಿ 400 ಗುರುತಿನ, ಪಕ್ಕ ಮುಚ್ಚುವ ತಂಪು ಕನ್ನಡಕ ಎಲ್ಲರಿಗೂ ಬೇಕು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಿ. ಮರಳಿನಿಂದ ಬಿಸಿಲು ಮೇಲಕ್ಕೂ ಹೊಡೆಯುವುದರಿಂದ ಗದ್ದದ ಕೆಳಗೆ, ಮೂಗಿನ ಕೆಳಗೆ ಮರೆಯಬೇಡಿ.

ಡೇರೆ ಮತ್ತು ಹಾಸಿಗೆ

ಒಣಗಿದ ಹೊಳೆಯ ಪಾತ್ರದಲ್ಲಿ ಡೇರೆ ಹಾಕಬಾರದು. ಅದು ಗಾಳಿಗೆ ಮರೆಯಾಗಿ, ಮಟ್ಟಸವಾಗಿ, ಕರೆಯುವಂತೆಯೇ ಇರುತ್ತದೆ. ಆದರೆ ಹತ್ತಾರು ಕಿಲೋಮೀಟರ್ ದೂರದ ಮಳೆಯ ನೀರು ಗಟ್ಟಿ ನೆಲದ ಮೇಲೆ ಇಂಗದೆ ಹರಿದು, ನಿಮ್ಮ ತಲೆಯ ಮೇಲೆ ನಕ್ಷತ್ರಗಳಿರುವಾಗಲೇ ಆ ಪಾತ್ರಕ್ಕೆ ನುಗ್ಗುತ್ತದೆ. ಪಕ್ಕದ ಎತ್ತರದ ನೆಲ ಹುಡುಕಿ.

ಸಾಮಾನ್ಯ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಎಂಟು ಸಣ್ಣ ಬಟ್ಟೆಚೀಲ ಒಯ್ಯಿರಿ. ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಅಡಿ ಆಳಕ್ಕೆ ಹೂತು ಮೇಲೆ ತುಳಿದರೆ ಗಾಳಿಗೂ ಜಗ್ಗದು. ಪೂರ್ತಿ ಜಾಲರಿಯ ಡೇರೆಯಾದರೆ ಸಣ್ಣ ಮರಳು ಸೋರಿ ಒಳಗೆಲ್ಲ ಹರಡುತ್ತದೆ. ಮುಚ್ಚಲು ಬರುವಂಥದ್ದೇ ಇರಲಿ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ತಾಪಮಾನ ಬರೆದಿರುತ್ತದೆ. ‘ಕಂಫರ್ಟ್’ ಎಂದಿರುವುದನ್ನು ನೋಡಿ ಕೊಳ್ಳಿ; ‘ಲಿಮಿಟ್’ ಎಂದಿರುವುದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಅಂಕಿ. ನೀವು ಬರೆದಿಟ್ಟ ಕನಿಷ್ಠ ತಾಪಮಾನಕ್ಕಿಂತ ಐದು ಡಿಗ್ರಿ ಕೆಳಗಿನ ಕಂಫರ್ಟ್ ಇರಬೇಕು. ಗಾಳಿ ತುಂಬುವ ಚಾಪೆ ಮುಳ್ಳಿಗೆ ತೂತಾಗುತ್ತದೆ, ಫೋಮಿನ ಚಾಪೆಯೇ ವಾಸಿ.

ಶೂ ಡೇರೆಯ ಹೊರಗೆ ಬಿಟ್ಟಿದ್ದರೆ ಬೆಳಿಗ್ಗೆ ಕೊಡವಿಯೇ ಹಾಕಿ. ಯುವಿ ಟಾರ್ಚ್ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ; ಮಲಗುವ ಮೊದಲು ಸುತ್ತ ಒಂದು ಸಲ ಹಾಯಿಸಿ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡಬೇಡಿ, ಕೊಂಬಿನ ಮಂಡಲದಂಥ ಹಾವುಗಳು ಕಣ್ಣಷ್ಟೇ ಬಿಟ್ಟು ಮರಳಿನಲ್ಲಿ ಹುದುಗಿರುತ್ತವೆ.

ಅಡುಗೆ

ಬಿಸಿಲಿಗೆ ಹಸಿವು ಸಾಯುತ್ತದೆ. ಹಗಲಿಗೆ ಒಣಹಣ್ಣು, ಉಪ್ಪು ಹಚ್ಚಿದ ಬೀಜಗಳಂಥ ಕೈತುತ್ತು, ರಾತ್ರಿಗೆ ಒಂದೇ ಪಾತ್ರೆಯ ಬಿಸಿ ಊಟ. ದಿನದಿನದ್ದನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ ಮೇಲೆ ದಿನ ಬರೆಯಿರಿ. ಗ್ಯಾಸು ತಲಾ ದಿನಕ್ಕೆ 50 ಗ್ರಾಂ, ಜೊತೆಗೆ ಗಾಳಿಗೆ ಅಡ್ಡ ತಗಡು. ಆದರೆ ತಗಡನ್ನು ಸಿಲಿಂಡರಿನ ಸುತ್ತ ಪೂರ್ತಿ ಸುತ್ತಬಾರದು, ಕಾದು ಸಿಡಿಯಬಹುದು. ವಿಮಾನದಲ್ಲಿ ಗ್ಯಾಸು ಒಯ್ಯಲು ಬಿಡುವುದಿಲ್ಲ, ಇಳಿದ ಊರಲ್ಲೇ ಕೊಳ್ಳಬೇಕು. ಅಲ್ಲಿನ ಒಣ ಗಿಡಗಳನ್ನು ಸುಡಬೇಡಿ. ಸತ್ತಂತೆ ಕಂಡರೂ ಎಷ್ಟೋ ಗಿಡ ಮಳೆಗೆ ಕಾಯುತ್ತಿರುತ್ತವೆ.

ಔಷಧಿ ಪೆಟ್ಟಿಗೆ

ಓಆರ್‌ಎಸ್, ಬ್ಯಾಂಡೇಜು, ಬೊಬ್ಬೆಯ ಪಟ್ಟಿ, ಮುಳ್ಳು ಕೀಳುವ ಚಿಮುಟ, ಕಣ್ಣು ತೊಳೆಯುವ ಸಲೈನ್, ಭೇದಿಯ ಮಾತ್ರೆ, ಥರ್ಮಾಮೀಟರ್, ಅಗಲ ಕ್ರೇಪ್ ಬ್ಯಾಂಡೇಜು ಎರಡು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಅಲರ್ಜಿಯ ಮಾತ್ರೆ ನುಂಗುವವರು ಮೊದಲೇ ವೈದ್ಯರನ್ನು ಕೇಳಬೇಕು. ಕೆಲವು ಔಷಧಿಗಳು ಬೆವರನ್ನು ತಗ್ಗಿಸುತ್ತವೆ ಅಥವಾ ದೇಹದ ನೀರು ಕಳೆಯುತ್ತವೆ.

ತಲೆನೋವು, ಹೊಟ್ಟೆ ತೊಳಸು, ವಿಪರೀತ ಬೆವರು ಕಂಡರೆ ನೆರಳಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ತಪ್ಪು ತಪ್ಪು ಉತ್ತರ ಕೊಟ್ಟರೆ, ಮೈ ಕಾವು 40 ದಾಟಿದ್ದರೆ ಅದು ಬಿಸಿಲಾಘಾತ. ಆಗ ನೀರು ಉಳಿಸುವ ಯೋಚನೆ ಬಿಟ್ಟು ಮೈಮೇಲೆ ಸುರಿಯಿರಿ, ಗಾಳಿ ಬೀಸಿ. ಮೊದಲು ತಂಪು, ಆಮೇಲೆ ಸಾಗಣೆ. ಪ್ಯಾರಸಿಟಮಾಲ್ ಈ ಕಾವನ್ನು ಇಳಿಸುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಆ ಅಂಗವನ್ನು ಅಲುಗದಂತೆ ಇರಿಸಿ ಆಸ್ಪತ್ರೆಗೆ ಹೊರಡಿ.

ಫೋನು, ಬೆಳಕು, ದಿಕ್ಕು

ಆಫ್‌ಲೈನ್ ನಕ್ಷೆಯನ್ನು ಎರಡು ಫೋನಿಗೆ ಇಳಿಸಿ, ಕಾಗದದ ನಕ್ಷೆ ಮತ್ತು ದಿಕ್ಸೂಚಿ ಜೊತೆಗಿಡಿ. 20,000 ಎಂಎಎಚ್ ಪವರ್ ಬ್ಯಾಂಕು 74 ವಾಟ್-ಅವರ್ ಆಗುತ್ತದೆ. ಮಿತಿಯೊಳಗೇ ಇರುವುದರಿಂದ ವಿಮಾನದ ಕೈಚೀಲದಲ್ಲಿ ಒಯ್ಯಬಹುದು, ಫೋನನ್ನು ಸುಮಾರು ಮೂರು ಸಲ ತುಂಬುತ್ತದೆ. ಹಗಲಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಫೋನು ಕಾದು ನಿಂತುಬಿಡುತ್ತದೆ, ರಾತ್ರಿಯ ಚಳಿಗೆ ಬ್ಯಾಟರಿ ಸೊರಗುತ್ತದೆ. ಮಲಗುವಾಗ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಕ್ಯಾಮೆರಾಗೆ ಜಿಪ್ ಚೀಲ. ಹೊರಗೆ ಲೆನ್ಸ್ ಬದಲಿಸಬೇಡಿ. ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದು.

ತುಂಬುವ ಕ್ರಮ

ಹೊರಡುವ ಹಿಂದಿನ ದಿನ ಎಲ್ಲವನ್ನೂ ನೆಲದ ಮೇಲೆ ಹರಡಿ, ತೂಗಿ. ಚಕ್ರದ ಸೂಟ್‌ಕೇಸ್ ಬೇಡ, ಮೆತ್ತನೆಯ ಚೀಲ ತಲಾ ಒಂದು. ಒಂಟೆ ಪ್ರವಾಸಕ್ಕೆ ಅದು 10 ಕಿಲೋ ಮೀರದಿರಲಿ. ಜಿಪ್ಪುಗಳ ಹಲ್ಲಿಗೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಚ್ಚಿದರೆ ಮರಳು ಅಂಟಿ ಎರಡೇ ದಿನದಲ್ಲಿ ಕಚ್ಚಿಕೊಳ್ಳುತ್ತದೆ.

ವಾಹನದಲ್ಲಿ ನೀರು ಎಲ್ಲಕ್ಕಿಂತ ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ, ಬೆಲ್ಟು ಹಾಕಿ ಬಿಗಿದು. ಚಾವಣಿಯ ಮೇಲೆ ಹಗುರದವು ಮಾತ್ರ. ಮೇಲೆ ಭಾರ ಹೆಚ್ಚಾದರೆ ದಿಬ್ಬದಲ್ಲಿ ಗಾಡಿ ವಾಲುತ್ತದೆ. ಸಲಿಕೆ, ಹಲಗೆ, ಮಾಪಕ ಇವು ಯಾವ ಚೀಲವನ್ನೂ ತೆಗೆಯದೆ ಕೈಗೆ ಸಿಗಬೇಕು. ಪ್ರತಿಯೊಬ್ಬರ ಸೊಂಟದ ಚೀಲದಲ್ಲಿ ಒಂದು ಲೀಟರ್ ನೀರು, ಸೀಟಿ, ಸಣ್ಣ ಕನ್ನಡಿ, ಲೈಟರ್, ಟಾರ್ಚ್ ಸದಾ ಇರಲಿ. ಶೌಚಕ್ಕೆ ಹೋಗುವಾಗಲೂ ಇದು ಮೈಮೇಲಿರಬೇಕು, ಎರಡು ದಿಬ್ಬ ದಾಟಿದರೆ ಬಿಡಾರ ಕಾಣುವುದಿಲ್ಲ. ಶೌಚಕ್ಕೆ ಬಿಡಾರದಿಂದ 60 ಮೀಟರ್ ದೂರ, ಒಂದು ಗೇಣು ಆಳದ ಗುಂಡಿ. ಕಾಗದ, ಒದ್ದೆ ಒರಸುಗಳನ್ನು ಚೀಲದಲ್ಲಿ ವಾಪಸು ತರಬೇಕು, ಆ ಒಣ ನೆಲದಲ್ಲಿ ಅವು ಕೊಳೆಯುವುದಿಲ್ಲ.

ದಾರಿಯಲ್ಲಿ

ಸೂರ್ಯ ಹುಟ್ಟುವ ಮುಂಚೆ ಎದ್ದು ಹತ್ತೂವರೆಯೊಳಗೆ ಹೆಚ್ಚಿನ ಹಾದಿ ಮುಗಿಸಿ. ಹನ್ನೊಂದರಿಂದ ಮೂರೂವರೆವರೆಗೆ ನೆರಳಲ್ಲಿ ಇರಿ, ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಡೇರೆ ಏಳಬೇಕು. ಪ್ರತಿ ರಾತ್ರಿ ಉಳಿದ ನೀರನ್ನು ಅಳೆದು ಬರೆಯಿರಿ. ಲೆಕ್ಕಕ್ಕಿಂತ ಶೇ 15 ಹೆಚ್ಚು ಖರ್ಚಾಗಿದ್ದರೆ ಮರುದಿನದ ಹಾದಿಯನ್ನು ಮೊಟಕು ಮಾಡಿ. ಅರ್ಧ ನೀರು ಮುಗಿದು ಅರ್ಧ ಹಾದಿ ಮುಗಿದಿಲ್ಲವೆಂದರೆ ಹಿಂದಿರುಗಿ.

ದಿಗಂತದಲ್ಲಿ ಕಂದು ಗೋಡೆ ಎದ್ದರೆ ಮರಳುಗಾಳಿ ಬರುತ್ತಿದೆ. ಹಾದಿಯಿಂದ ಬದಿಗೆ ಸರಿದು, ಗಾಡಿಯ ಬೆನ್ನನ್ನು ಗಾಳಿಗೆ ಕೊಟ್ಟು, ಎಂಜಿನ್ ಮತ್ತು ದೀಪ ಆರಿಸಿ ಕೂರಿ. ದೀಪ ಉರಿಯುತ್ತಿದ್ದರೆ ಹಿಂದಿನ ಗಾಡಿಯವರು ಅದನ್ನೇ ಹಾದಿ ಎಂದುಕೊಂಡು ಬಂದು ಗುದ್ದುತ್ತಾರೆ. ನಡೆಯುವವರು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿ, ಗಾಳಿಗೆ ಬೆನ್ನು ಹಾಕಿ ಒಟ್ಟಿಗೆ ಕೂರಬೇಕು.

ದಾರಿ ತಪ್ಪಿದರೆ ಅಥವಾ ಗಾಡಿ ಪೂರ್ತಿ ಕೆಟ್ಟರೆ ಗಾಡಿಯನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಮೊದಲು ಕಾಣುತ್ತದೆ, ನೀರೂ ನೆರಳೂ ಅಲ್ಲಿಯೇ ಇರುತ್ತವೆ. ಹಗಲು ಗಾಡಿಯ ನೆರಳಲ್ಲಿ ಮರಳನ್ನು ಮೊಳಕೈ ಆಳ ಕೆರೆದು ಮಲಗಿ, ಕೆಳಗಿನ ಪದರ ತಂಪಿರುತ್ತದೆ. ಸೀಟಿಯಾಗಲಿ ಬೆಂಕಿಯಾಗಲಿ ಮೂರು ಮೂರಾಗಿ ಇದ್ದರೆ ಆಪತ್ತಿನ ಸೂಚನೆ. ವಿಮಾನದ ಸದ್ದು ಕೇಳಿದರೆ ಕನ್ನಡಿಯ ಬೆಳಕನ್ನು ಅತ್ತ ಹಾಯಿಸಿ. ಬಿಡಿ ಟಯರಿನ ಗಾಳಿ ಪೂರ್ತಿ ತೆಗೆದು ಸುಟ್ಟರೆ ಕಪ್ಪು ಹೊಗೆ ಬಹಳ ದೂರಕ್ಕೆ ಕಾಣುತ್ತದೆ. ಕೆಂಪು ಟೇಪಿನ ಕ್ಯಾನು ತೆರೆಯುವುದು ಆಗ. ತುಟಿ ಒದ್ದೆ ಮಾಡಿಕೊಂಡು ನೀರು ಉಳಿಸಲು ಹೋಗಬೇಡಿ, ಬಾಯಾರಿದಾಗ ಕುಡಿಯಿರಿ. ಉಳಿಸಬೇಕಾದದ್ದು ಬೆವರನ್ನು: ಹಗಲು ಅಲುಗಾಡದೆ ಇರುವುದು, ಕೆಲಸವಿದ್ದರೆ ರಾತ್ರಿ ಮಾಡುವುದು, ನೀರು ಕಡಿಮೆಯಿದ್ದಾಗ ಊಟವನ್ನೂ ಕಡಿಮೆ ಮಾಡುವುದು.